ಅಕ್ಷರಕ್ಕೆ ನಲವತ್ತು ಪೆಸೊ

ಅಂಗಿಯ ಬೆನ್ನಿಗೆ ಹೆಸರು ಅಂಟಿಸುವವಳು ನಾನು.
ಪೈಸಾಂದೂ ಊರಲ್ಲಿ, ಬಾಲ್ಸಾ ಕ್ಲಬ್ಬಿನ ಮೈದಾನದ ಹಿಂಬಾಗಿಲಿಗೆ ಎದುರು,
ಸೈಕಲ್ ರಿಪೇರಿಯವನ ಮಗ್ಗುಲಿಗೆ ಅಂಗಡಿ.
ಅಕ್ಷರಕ್ಕೆ ನಲವತ್ತು ಪೆಸೊ. ಅಂಕಿಗೆ ನೂರು.

ಎಚೆಗೋಯೆನ್ ಅಂದರೆ ನಮ್ಮ ಲಿಪಿಯಲ್ಲಿ ಒಂಬತ್ತು ಅಕ್ಷರ.
ಒಂಬತ್ತರಲ್ಲಿ ಮೂರು ‘ಎ’,
ಮೂರೇ ಹಲ್ಲುಳಿದ ಬಾಚಣಿಗೆಯ ಹಾಗೆ.
ಅವೇ ಮೊದಲು ಮುಗಿಯುತ್ತಿದ್ದವು ಯಾವಾಗಲೂ.
ಮೊಂತೆವಿದೆಯೊದಿಂದ ಬಸ್ಸಿಗೆ ಹಾಕಿಸಿ ತರಿಸುತ್ತಿದ್ದೆ,
ಬರೀ ಎ, ಡಬ್ಬಿಗಟ್ಟಲೆ ಎ.
ಆ ಹುಡುಗನ ಎಡಗಾಲು ನಾಲ್ಕು ವರ್ಷ
ನನ್ನ ಮನೆ ಬಾಡಿಗೆ ಕಟ್ಟಿದೆ, ಸುಳ್ಳು ಯಾಕೆ ಹೇಳಲಿ.

ಮಂಗಳವಾರ ಬೆಳಿಗ್ಗೆ ರೇಡಿಯೋ ಹೇಳಿತು:
ಪೋರ್ಚುಗಲ್ಲಿಗೆ.
ಮೊತ್ತವನ್ನೂ ಹೇಳಿತು.
ಸೈಕಲ್ಲಿನವನು ಟ್ಯೂಬನ್ನು ನೀರಲ್ಲಿ ಅದುಮಿ ಹಿಡಿದು
ಸೊನ್ನೆ ಎಣಿಸುತ್ತ ನಿಂತುಬಿಟ್ಟ.
ಗುಳ್ಳೆ ಏಳುತ್ತಲೇ ಇತ್ತು, ಅವನು ನೋಡಲಿಲ್ಲ.

ಹತ್ತು ಗಂಟೆಗೆ ಮೊದಲ ಗಿರಾಕಿ: ‘ಕಿತ್ತುಕೊಡು.’
ಅಂಟಿಸುವುದಕ್ಕೆ ದರ ಇತ್ತು ನನ್ನ ಪಟ್ಟಿಯಲ್ಲಿ,
ಕೀಳುವುದಕ್ಕೆ ಇರಲಿಲ್ಲ.
ಆಮೇಲೆ ಸಾಲು.
ಕಂಕುಳಲ್ಲಿ ಥರ್ಮಾಸ್, ಕೈಯಲ್ಲಿ ಯೆರ್ಬಾ ಹೀರುವ ಸೋರೆಬುರುಡೆ,
ಹೆಗಲ ಮೇಲೆ ಹಸಿರು ಅಂಗಿ,
ಸತ್ತ ಮನೆಗೆ ಬಂದವರ ಹಾಗೆ ತಗ್ಗಿದ ದನಿ ಕೆಲವರದು,
ಮದುವೆ ಮುರಿದುಬಿದ್ದ ಮನೆಯ ಹಾಗೆ ಕಿರುಚಾಟ ಉಳಿದವರದು.

‘ದ್ರೋಹಿ’ ಎಂದಳು ನೀಬಿಯಾ ಟೀಚರ್.
ಅವನಿಗೆ ಭಾಗಾಕಾರ ಕಲಿಸಿದವಳು ಅವಳೇ.
‘ಸಂತೆಯಲ್ಲಿ ದನವನ್ನು ಕೇಳಿ ಮಾರ್ತಾರೇನು?’ ಎಂದ
ಕಸಾಯಿಖಾನೆಯ ಎಲ್ಬಿಯೊ.
‘ಮಾರಿದವನು ಅಧ್ಯಕ್ಷ. ಅವನ ಬೆನ್ನಿಗೆ ಅಂಟಿಸು ನಾನು ಹೇಳೋ ಪದ.’
ಹೇಳಿದ.
ಆರು ಅಕ್ಷರ. ಇನ್ನೂರ ನಲವತ್ತಾಗುತ್ತೆ ಎಂದೆ.

ಒಬ್ಬ ಅಪ್ಪ ಮಗನ ಮೈಯಿಂದ ಅಂಗಿ ಎಳೆಯುತ್ತಿದ್ದ,
‘ಅವನೀಗ ನಮ್ಮೋನಲ್ಲ ಕಣೋ, ನಮ್ಮೋನಲ್ಲ.’
ತಲೆಯ ಹತ್ತಿರ ಸಿಕ್ಕಿಕೊಂಡಿತು ಬಟ್ಟೆ.
ಒಳಗಿನಿಂದ ಸಣ್ಣ ದನಿ: ‘ನಂಗೆ ಚಳಿ.’
ನಮ್ಮಲ್ಲಿ ಜನವರಿ ಅಂದರೆ
ಕಬ್ಬಿಣದ ಗೇಟು ಮುಟ್ಟಲಾಗದಷ್ಟು ಬೇಸಿಗೆ.

ಇಸ್ತ್ರಿ ಕಾಯಿಸಬೇಕು, ಅಂಟು ಮೆತ್ತಗಾಗುವ ಗಳಿಗೆ ಹಿಡಿಯಬೇಕು,
ಉಗುರಿನಿಂದ ಮೆಲ್ಲಗೆ ಒಂದು ಮೂಲೆ ಎಬ್ಬಿಸಬೇಕು.
ಬಂತು. ಒಂಬತ್ತೂ ಬಂದವು.
ಆದರೆ ಅಕ್ಷರದಡಿಯ ಬಟ್ಟೆ
ನಾಲ್ಕು ವರ್ಷ ಬಿಸಿಲು ಕಂಡೇ ಇರಲಿಲ್ಲ.
ಮಾಸಿದ ಹಸಿರಿನ ನಡುವೆ ಕಡುಹಸಿರಾಗಿ
ಎಚೆಗೋಯೆನ್.
ಮೊದಲಿಗಿಂತ ಈಗ ಓದುವುದು ಸಲೀಸು.
ದುಡ್ಡು ವಾಪಸ್ಸು ಕೇಳಿದರು ಇಬ್ಬರು. ಕೊಡಲಿಲ್ಲ.

ಚಳಿಗಾಲದ ಹೊತ್ತಿಗೆ ಮೈದಾನಕ್ಕೆ ದೀಪದ ಕಂಬ ಬಂದವು, ನಾಲ್ಕು.
ಆಟಗಾರರ ಸಂಬಳ ಮೂರು ತಿಂಗಳು ಬಾಕಿ;
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.
ಮೊದಲ ರಾತ್ರಿಯಾಟಕ್ಕೆ ಊರಿಗೂರೇ ನೆರೆದಿತ್ತು.
ದೀಪ ಹತ್ತಿದಾಗ ಓಹೋ ಎಂದೆವು, ನಾನೂ ಎಂದೆ.
ನದಿಯಾಚೆಯ ಅರ್ಜೆಂಟೀನಾದಿಂದ
ಹುಳಗಳು ಟಿಕೆಟ್ಟಿಲ್ಲದೆ ಬಂದವು.
ಎಡ ಅಂಚಿನ ಗೆರೆಯುದ್ದಕ್ಕೂ
ಹುಲ್ಲಿನ ಎಸಳು ಎಸಳೂ ಕಾಣುತ್ತಿತ್ತು.
ಹಗಲಲ್ಲೂ ಅಷ್ಟು ನಿಚ್ಚಳವಾಗಿ ಕಂಡಿರಲಿಲ್ಲ
ಅವನಿಲ್ಲದ ಜಾಗ.

ಅಲ್ಲಿ ಓಡುತ್ತಿದ್ದವನು ಪಾಸ್ ಅಂತ, ಹತ್ತೊಂಬತ್ತರ ಹುಡುಗ.
ಮೂರೇ ಅಕ್ಷರ ಹೆಸರಿಗೆ.
ಕೇಳಿಕೊಂಡು ಯಾರೂ ಬಂದಿಲ್ಲ ಇನ್ನೂ.
ಚೆಂಡು ಅವನ ಕಾಲಿಗೆ ಬಂದಾಗಲೆಲ್ಲ ಜನ ಥರ್ಮಾಸ್ ಕಡೆ ನೋಡುತ್ತಾರೆ,
ಅವನಿಗೂ ಗೊತ್ತು ಅದು.

ನಿನ್ನೆ ಬಸ್ಸಿನಲ್ಲಿ ಡಬ್ಬಿ ಬಂತು,
ಡಿಸೆಂಬರಿನಲ್ಲಿ ಹೇಳಿ ಮರೆತದ್ದು.
ನೂರೈವತ್ತು ಎ.
ಪಾಸ್‌ನಲ್ಲಿ ಒಂದೂ ಇಲ್ಲ.

ಇವತ್ತು ನೀಬಿಯಾ ಟೀಚರ್ ಪಕ್ಕದ ಅಂಗಡಿಯಲ್ಲಿ
ಸೈಕಲ್ಲಿಗೆ ಗಾಳಿ ಹಾಕಿಸುತ್ತಿದ್ದಾಳೆ,
ಕಲ್ಲಿನಂತೆ ಗಟ್ಟಿಯಿರುವ ಗಾಲಿಗೆ.
ಬುಟ್ಟಿಯಲ್ಲಿ ಪತ್ರಿಕೆ ಸುತ್ತಿದ ಏನೋ.
ಒಂದು ತುದಿ ಹಸಿರು.
ಈ ಕಡೆ ತಿರುಗುವುದಿಲ್ಲ, ಹೋಗುವುದೂ ಇಲ್ಲ.

ನಾನು ಇಸ್ತ್ರಿಯ ಸ್ವಿಚ್ಚು ಹಾಕಿದೆ.